ಯುದ್ಧದ ಸಿನಿಮಾ ನೋಡಬೇಕೆಂದರೆ ಯಾವುದನ್ನು ಆರಿಸಬೇಕು?

‘ಯುದ್ಧ ಹೇಗಿರುತ್ತೋ ಹಾಗೇ ತೋರಿಸೋ ಸಿನಿಮಾ ಒಂದು ಹೇಳಿ’ ಎಂದು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ಒಂದೇ: ‘ಸೇವಿಂಗ್ ಪ್ರೈವೇಟ್ ರಯಾನ್’. ತಪ್ಪೇನಿಲ್ಲ, ಆದರೆ ಅದು ಅರ್ಧ ಉತ್ತರ. ಬಂದೂಕು, ಟ್ಯಾಂಕು, ಸಮವಸ್ತ್ರ ಸರಿಯಾಗಿರುವುದು ಒಂದು ಬಗೆಯ ನಿಜ. ನಡೆದದ್ದನ್ನು ನಡೆದ ಹಾಗೆ ಹೇಳುವುದು ಇನ್ನೊಂದು ಬಗೆ. ಅಲ್ಲಿ ಸಿಕ್ಕಿಬಿದ್ದವರಿಗೆ ಏನು ಕಂಡಿತು, ಏನು ಕೇಳಿಸಿತು, ಏನು ಗೊತ್ತೇ ಆಗಲಿಲ್ಲ ಎನ್ನುವುದು ಮೂರನೆಯದು. ಮೂರೂ ಒಂದೇ ಸಿನಿಮಾದಲ್ಲಿ ಸಿಗುವುದು ಅಪರೂಪ.

ನನಗೆ ಮುಖ್ಯ ಅನಿಸುವುದು ಆ ಮೂರನೆಯದು. ಯುದ್ಧದಲ್ಲಿ ಇರುವವನ ಕೈಯಲ್ಲಿ ನಕ್ಷೆ ಇರುವುದಿಲ್ಲ. ಗುಂಡು ಎಲ್ಲಿಂದ ಬಂತು, ಪಕ್ಕದಲ್ಲಿ ಬಿದ್ದವನು ಬದುಕಿದ್ದಾನಾ, ಇನ್ನೂ ಎಷ್ಟು ಹೊತ್ತು ಕಾಯಬೇಕು, ಯಾವುದೂ ಗೊತ್ತಿರುವುದಿಲ್ಲ. ನಮ್ಮನ್ನೂ ಅದೇ ಕತ್ತಲಲ್ಲಿ ಕೂರಿಸುವ ಸಿನಿಮಾ ಗಟ್ಟಿಯಾಗಿರುತ್ತದೆ. ಎಲ್ಲವನ್ನೂ ಮೇಲೆ ನಿಂತು ವಿವರಿಸುವ ಸಿನಿಮಾದಲ್ಲಿ ಎಷ್ಟೇ ರಕ್ತ ಹರಿದರೂ ಮನೆಗೆ ಬರುವಷ್ಟರಲ್ಲಿ ಮರೆತುಹೋಗಿರುತ್ತದೆ.

ಈ ಕಣ್ಣಿನಿಂದ ಕೆಲವು ಸಿನಿಮಾಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಮಧ್ಯೆ ಕಥೆಯ ಗುಟ್ಟು ಅಲ್ಲಲ್ಲಿ ಬಿಟ್ಟುಕೊಡಬೇಕಾಗುತ್ತದೆ, ಬೇಡದವರು ಆ ಭಾಗ ದಾಟಿ ಓದಿ.

ರಯಾನ್: ಮೊದಲ ಅರ್ಧ ಗಂಟೆ ಮತ್ತು ಉಳಿದದ್ದು

1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದವು. ಅಮೆರಿಕನ್ನರು ಅತಿ ಹೆಚ್ಚು ಜನರನ್ನು ಕಳೆದುಕೊಂಡದ್ದು ಓಮಾಹಾ ಎಂದು ಹೆಸರಿಟ್ಟಿದ್ದ ತೀರದಲ್ಲಿ. ಸ್ಟೀವನ್ ಸ್ಪೀಲ್‌ಬರ್ಗ್ ತಮ್ಮ 1998ರ ಸಿನಿಮಾಕ್ಕಾಗಿ ಅದನ್ನು ಐರ್ಲೆಂಡಿನ ವೆಕ್ಸ್‌ಫರ್ಡ್ ಕಡೆಯ ಒಂದು ಕಡಲ ದಂಡೆಯಲ್ಲಿ ಮತ್ತೆ ಕಟ್ಟಿದರು. ಐರ್ಲೆಂಡಿನ ಮೀಸಲು ಸೇನೆಯ ಹುಡುಗರು ಸೈನಿಕರಾಗಿ ಓಡಿದರು. ಕೈಕಾಲು ಹಾರಿಹೋಗುವ ದೃಶ್ಯಗಳಿಗೆ ನಿಜಕ್ಕೂ ಕೈಯೋ ಕಾಲೋ ಇಲ್ಲದವರನ್ನೇ ಕರೆಸಿದರು. ಮುಖ್ಯ ನಟರನ್ನು ಮಾಜಿ ಮರೀನ್ ಅಧಿಕಾರಿ ಡೇಲ್ ಡೈ ಕೈಗೆ ಒಪ್ಪಿಸಿ, ಮಳೆಯಲ್ಲಿ ಕೆಸರಿನಲ್ಲಿ ತರಬೇತಿ ಕೊಡಿಸಿದರು. ರಯಾನ್ ಪಾತ್ರದ ಮ್ಯಾಟ್ ಡೇಮನ್‌ಗೆ ಮಾತ್ರ ಅದರಿಂದ ವಿನಾಯಿತಿ. ಅವನನ್ನು ಹುಡುಕಿ ಹೋಗುವವರಿಗೆ ಅವನ ಮೇಲೆ ಒಳಗೊಳಗೇ ಸಿಟ್ಟಿರಬೇಕಲ್ವಾ, ಅದಕ್ಕೆ.

ಆದರೆ ಆ ದೃಶ್ಯ ಮೈ ನಡುಗಿಸುವುದು ಇದರಿಂದಲ್ಲ. ಛಾಯಾಗ್ರಾಹಕ ಯಾನುಷ್ ಕಮಿನ್ಸ್ಕಿ ಕ್ಯಾಮೆರಾದ ಶಟರ್ ಕೋನವನ್ನು, ಅಂದರೆ ಒಂದೊಂದು ಚಿತ್ರಕ್ಕೂ ಬೆಳಕು ಎಷ್ಟು ಹೊತ್ತು ಬೀಳಬೇಕು ಎಂದು ನಿರ್ಧರಿಸುವ ಅಳತೆಯನ್ನು, ಸಾಮಾನ್ಯವಾದ 180 ಡಿಗ್ರಿಯಿಂದ 90ಕ್ಕೆ, ಕೆಲವು ಕಡೆ 45ಕ್ಕೆ ಇಳಿಸಿದರು. ಹಾಗೆ ಮಾಡಿದಾಗ ಚಲನೆಯಲ್ಲಿ ಮಸುಕು ಇರುವುದಿಲ್ಲ. ಸ್ಫೋಟದಲ್ಲಿ ಚಿಮ್ಮಿದ ಮರಳಿನ ಒಂದೊಂದು ಕಣವೂ ಬೇರೆಬೇರೆಯಾಗಿ ಕಾಣುತ್ತದೆ, ಓಡುವವರು ತಡವರಿಸಿ ತಡವರಿಸಿ ಓಡಿದಂತೆ ಕಾಣುತ್ತಾರೆ. ಹಳೇ ಕಾಲದ ಲೆನ್ಸುಗಳ ಹಾಗೆ ಬೆಳಕು ಹರಡಲಿ ಎಂದು ಲೆನ್ಸುಗಳ ಮೇಲಿನ ರಕ್ಷಣೆಯ ಲೇಪವನ್ನೂ ತೆಗೆಸಿದ್ದರು. ಇಡೀ ದೃಶ್ಯದಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಟಾಮ್ ಹ್ಯಾಂಕ್ಸ್ ಪಾತ್ರಕ್ಕೆ ಕೆಲವು ಕ್ಷಣ ಕಿವಿ ಕೇಳಿಸುವುದಿಲ್ಲ, ಆಗ ನಮಗೂ ಕೇಳಿಸುವುದಿಲ್ಲ. ಒಬ್ಬ ಸೈನಿಕ ತುಂಡಾದ ತನ್ನದೇ ಕೈಯನ್ನು ಎತ್ತಿಕೊಂಡು ನಡೆಯುತ್ತಾನೆ. ಯಾರೂ ಅವನತ್ತ ನೋಡುವುದಿಲ್ಲ. ಯಾರಿಗೂ ಪುರುಸೊತ್ತಿಲ್ಲ.

ವಸ್ತುಗಳ ಲೆಕ್ಕ ಇಡುವವರು ಇಲ್ಲೂ ತಪ್ಪು ಹುಡುಕುತ್ತಾರೆ, ಸಿಗುತ್ತವೆ ಕೂಡ. ನೀರಿನ ಆಳದಲ್ಲಿ ಇರುವವರಿಗೆ ಗುಂಡು ತಗುಲಿ ಸಾಯುವುದನ್ನು ತೋರಿಸಿದ್ದಾರೆ. ನೀರಿಗೆ ಬಿದ್ದ ರೈಫಲ್ ಗುಂಡು ಕೆಲವೇ ಅಡಿಗಳಲ್ಲಿ ವೇಗ ಕಳೆದುಕೊಳ್ಳುತ್ತದೆ. ಕೊನೆಯಲ್ಲಿ ಬರುವ ಜರ್ಮನ್ ಟೈಗರ್ ಟ್ಯಾಂಕುಗಳು ರಷ್ಯದ ಟಿ-34ರ ಮೇಲೆ ವೇಷ ಹಾಕಿಸಿದವು. ಓಮಾಹಾದಲ್ಲಿ ಗಂಟೆಗಟ್ಟಲೆ ನಡೆದದ್ದು ಇಲ್ಲಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಇವು ಯಾವುವೂ ನೋಡುವವರನ್ನು ಹೊರಗೆ ಎಳೆಯುವುದಿಲ್ಲ.

ಹೊರಗೆ ಎಳೆಯುವುದು ಆಮೇಲಿನ ಕಥೆ. ಒಬ್ಬ ಸೈನಿಕನನ್ನು ಮನೆಗೆ ಕಳಿಸಲು ಎಂಟು ಜನ ಶತ್ರುಗಳ ನಡುವೆ ನುಗ್ಗುವ ಆ ಕಥೆಯ ಹಿಂದೆ ನಿಲಂಡ್ ಎಂಬ ಮನೆತನದ ನಾಲ್ವರು ಅಣ್ಣತಮ್ಮಂದಿರ ನಿಜಸಂಗತಿ ಇದೆ. ಅಲ್ಲಿ ಇಬ್ಬರು ಸತ್ತಿದ್ದರು. ಬರ್ಮಾದಲ್ಲಿ ಕಾಣೆಯಾಗಿದ್ದ ಮೂರನೆಯವನೂ ಸತ್ತನೆಂದು ಎಣಿಸಿದ್ದರು, ಆಮೇಲೆ ನೋಡಿದರೆ ಅವನು ಜಪಾನಿಯರ ಸೆರೆಯಲ್ಲಿ ಬದುಕಿದ್ದ. ನಾಲ್ಕನೆಯವನನ್ನು ಹುಡುಕಿ ಮನೆಗೆ ಕಳಿಸಿದ್ದು ಒಬ್ಬ ಸೇನಾ ಪಾದ್ರಿ. ಎಂಟು ಜನರ ತಂಡವೂ ಇರಲಿಲ್ಲ, ಸೇತುವೆಯ ಮೇಲಿನ ಕೊನೆಯ ಕಾಳಗವೂ ಇರಲಿಲ್ಲ. ಸಿನಿಮಾ ಆ ಕಾಳಗವನ್ನು ಚೆನ್ನಾಗಿಯೇ ಕಟ್ಟಿದೆ. ಆದರೆ ಅಲ್ಲಿ ನಮಗೆ ಎಲ್ಲವೂ ಗೊತ್ತಿರುತ್ತದೆ. ಯಾರು ಎಲ್ಲಿದ್ದಾರೆ, ಯೋಜನೆ ಏನು, ಯಾರ ಸಾವಿಗೆ ಅಳಬೇಕು, ಎಲ್ಲವನ್ನೂ ಹೇಳಿಕೊಟ್ಟಿರುತ್ತಾರೆ. ಸ್ಮಶಾನದ ದೃಶ್ಯವಂತೂ ಕೈಹಿಡಿದು ಅಳಿಸುತ್ತದೆ. ಮೊದಲ ಅರ್ಧ ಗಂಟೆಗಾಗಿ ಖಂಡಿತ ನೋಡಿ. ಉಳಿದದ್ದು ಒಳ್ಳೆಯ ಹಳೇ ಮಾದರಿಯ ಯುದ್ಧ ಸಿನಿಮಾ, ಅಷ್ಟೇ.

ಕಮ್ ಆ್ಯಂಡ್ ಸೀ: ಹಿಂತಿರುಗಿ ನೋಡದ ಹುಡುಗ

ಎಲೆಮ್ ಕ್ಲಿಮೊವ್ ಅವರ ಈ ಸೋವಿಯತ್ ಸಿನಿಮಾ ಬಂದದ್ದು 1985ರಲ್ಲಿ. ಸ್ಥಳ ಬೆಲಾರುಸ್, ಕಾಲ 1943, ಜರ್ಮನ್ನರು ದೇಶ ಹಿಡಿದು ಕೂತಿದ್ದ ದಿನಗಳು. ಚಿತ್ರಕಥೆಯಲ್ಲಿ ಜೊತೆಗಿದ್ದ ಬರಹಗಾರ ಅಲೆಸ್ ಅದಮೊವಿಚ್ ಹುಡುಗನಾಗಿದ್ದಾಗ ಸ್ವತಃ ಅಲ್ಲಿನ ಕಾಡಿನಲ್ಲಿ ಗೆರಿಲ್ಲಾ ಪಡೆಯ ಜೊತೆ ಇದ್ದವರು. ಕ್ಲಿಮೊವ್ ಬಾಲ್ಯದಲ್ಲಿ, ಸ್ಟಾಲಿನ್‌ಗ್ರಾಡ್ ಉರಿಯುತ್ತಿರುವಾಗ, ವೋಲ್ಗಾ ನದಿ ದಾಟಿ ಪಾರಾದವರು. ಸೋವಿಯತ್ ಸೆನ್ಸಾರ್ ಈ ಚಿತ್ರವನ್ನು ವರ್ಷಗಟ್ಟಲೆ ತಡೆದಿತ್ತು. ಇದಾದ ಮೇಲೆ ಕ್ಲಿಮೊವ್ ಇನ್ನೊಂದು ಸಿನಿಮಾ ಮಾಡಲಿಲ್ಲ.

ಫ್ಲ್ಯೋರಾ ಎಂಬ ಹುಡುಗ ಮರಳಲ್ಲಿ ಅಗೆದು ಒಂದು ರೈಫಲ್ ತೆಗೆಯುತ್ತಾನೆ, ಗೆರಿಲ್ಲಾ ಪಡೆ ಸೇರುತ್ತಾನೆ. ಅಮ್ಮ ಅತ್ತರೂ ಹುಡುಗನಿಗೆ ಅದೊಂದು ಸಂಭ್ರಮ. ಎರಡು ಗಂಟೆ ಇಪ್ಪತ್ತು ನಿಮಿಷದಲ್ಲಿ ಆ ಹುಡುಗನ ಮುಖ ಮುದುಕನ ಮುಖವಾಗುತ್ತದೆ. ಪಾತ್ರ ಮಾಡಿದ ಅಲೆಕ್ಸೇಯ್ ಕ್ರಾವ್ಚೆಂಕೊಗೆ ಆಗ 14ರ ಆಸುಪಾಸು, ಅನುಭವವೇ ಇಲ್ಲದ ಹುಡುಗ. ಚಿತ್ರೀಕರಣವನ್ನು ಕಥೆಯ ಕ್ರಮದಲ್ಲೇ ತಿಂಗಳುಗಟ್ಟಲೆ ನಡೆಸಿದರು. ಹಾಗಾಗಿ ಆ ಮುಖದ ದಣಿವು ಬರೀ ಮೇಕಪ್ ಅಲ್ಲ.

ಒಂದು ದೃಶ್ಯ ಹೇಳಲೇಬೇಕು. ಫ್ಲ್ಯೋರಾ ಮತ್ತು ಗ್ಲಾಶಾ ಎಂಬ ಹುಡುಗಿ ಅವನ ಹಳ್ಳಿಗೆ ಮರಳುತ್ತಾರೆ. ಊರಲ್ಲಿ ಯಾರೂ ಇಲ್ಲ. ಮನೆಯ ಒಲೆಯಲ್ಲಿ ಸೂಪ್ ಇನ್ನೂ ಬಿಸಿ ಇದೆ. ತಂಗಿಯರ ಗೊಂಬೆಗಳು ನೆಲದ ಮೇಲಿವೆ. ನೊಣಗಳ ಸದ್ದು ಜಾಸ್ತಿ ಆಗುತ್ತಲೇ ಹೋಗುತ್ತದೆ. ಅಮ್ಮ ದ್ವೀಪದಲ್ಲಿ ಅಡಗಿರಬೇಕು ಎಂದು ಹುಡುಗ ಓಡುತ್ತಾನೆ. ಹಿಂದೆ ಓಡುವ ಗ್ಲಾಶಾ ಒಂದೇ ಒಂದು ಸಲ ತಿರುಗಿ ನೋಡುತ್ತಾಳೆ. ಮನೆಯ ಹಿಂಭಾಗದ ಗೋಡೆಗೆ ಒತ್ತಿ ಹೆಣಗಳ ರಾಶಿ. ಅದು ಪರದೆಯ ಮೇಲೆ ಇರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅವಳು ನೋಡಿದಳು, ನಾವು ನೋಡಿದೆವು, ಹುಡುಗ ನೋಡಲಿಲ್ಲ. ಆಮೇಲೆ ಇಬ್ಬರೂ ಕತ್ತಿನ ತನಕ ಜೌಗಿನಲ್ಲಿ ಮುಳುಗಿ ದಾಟುವ ಹೊತ್ತಿನ ತುಂಬ ನಮಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ. ಸ್ಪೀಲ್‌ಬರ್ಗ್ ಅರ್ಧ ಗಂಟೆಯ ರಕ್ತಪಾತದಿಂದ ಮಾಡಿದ್ದನ್ನು ಕ್ಲಿಮೊವ್ ಒಂದು ಕ್ಷಣದ ನೋಟದಿಂದ ಮಾಡಿದ್ದಾರೆ. ಇವೆರಡರಲ್ಲಿ ಯಾವುದು ಜಾಸ್ತಿ ದಿನ ಕಾಡುತ್ತದೆ ಎಂದರೆ ನನ್ನ ಉತ್ತರ ಎರಡನೆಯದು.

ಶಬ್ದದ ವಿಷಯದಲ್ಲೂ ಹಾಗೇ. ಹತ್ತಿರದಲ್ಲಿ ಬಾಂಬ್ ಬಿದ್ದ ಮೇಲೆ ಹುಡುಗನ ಕಿವಿಯ ಗುಂಯ್‌ಗುಡುವಿಕೆ ನಮ್ಮ ಕಿವಿಗೂ ಬರುತ್ತದೆ, ಬೇಗ ಹೋಗುವುದೂ ಇಲ್ಲ. ರಯಾನ್‌ನಲ್ಲಿ ಅದು ಕೆಲವು ಕ್ಷಣ. ಇಲ್ಲಿ ನಿಮಿಷಗಟ್ಟಲೆ, ಮಾತುಗಳೆಲ್ಲ ಅದರ ಅಡಿಯಲ್ಲಿ ಹೂತುಹೋಗುತ್ತವೆ.

ಕೊನೆಯ ಭಾಗದಲ್ಲಿ ಒಂದು ಊರಿನ ಜನರನ್ನೆಲ್ಲ ಮರದ ಕಟ್ಟಡಕ್ಕೆ ತುಂಬಿ ಬೆಂಕಿ ಹಚ್ಚುತ್ತಾರೆ. ಇದು ಬರಹಗಾರರ ಕಲ್ಪನೆಯಲ್ಲ. 1943ರ ಮಾರ್ಚ್‌ನಲ್ಲಿ ಖತಿನ್ ಎಂಬ ಹಳ್ಳಿಯಲ್ಲಿ ನಡೆದದ್ದು ಇದೇ. ಬೆಲಾರುಸ್‌ನ 628 ಹಳ್ಳಿಗಳನ್ನು ಜನರ ಸಮೇತ ಸುಟ್ಟರು ಎಂದು ಸಿನಿಮಾ ಕೊನೆಯಲ್ಲಿ ತೋರಿಸುತ್ತದೆ. ಅಷ್ಟು ಹೊತ್ತು ಒಂದೇ ಊರು ನೋಡಿ ಸಾಕಾಗಿರುವವರಿಗೆ ಆ ಸಂಖ್ಯೆ ಬರೀ ಸಂಖ್ಯೆಯಾಗಿ ಉಳಿಯುವುದಿಲ್ಲ.

ಇಷ್ಟು ಹೊಗಳಿಯೂ ಹೇಳುತ್ತೇನೆ, ಯುದ್ಧ ಸಿನಿಮಾ ಹೊಸದಾಗಿ ನೋಡಲು ಶುರುಮಾಡುವವರು ಇದರಿಂದ ಶುರುಮಾಡಬೇಡಿ. ಮಲಗುವ ಮುಂಚೆ ಬೇಡವೇ ಬೇಡ. ಮಕ್ಕಳು ಮನೆಯಲ್ಲಿ ಇರುವಾಗಲೂ ಬೇಡ. ಮತ್ತೆ, ಇದು ಪೂರ್ತಿ ವಾಸ್ತವದ ಶೈಲಿಯ ಸಿನಿಮಾ ಅಂದುಕೊಂಡು ಕೂರಬೇಡಿ. ನಟರು ನೇರ ಕ್ಯಾಮೆರಾ ಕಡೆ ನೋಡುತ್ತಾರೆ, ಕೊನೆಯಲ್ಲಿ ಇತಿಹಾಸದ ತುಣುಕುಗಳು ಹಿಮ್ಮುಖವಾಗಿ ಓಡುತ್ತವೆ. ಕೆಟ್ಟ ಕನಸಿನ ನಡೆ ಇದಕ್ಕಿದೆ.

ದಾಸ್ ಬೂಟ್: ಕಾಯುವುದೇ ಯುದ್ಧ

ಹೊಸಬರಿಗೆ ನಾನು ಹೇಳುವುದು ಇದನ್ನು. ವೋಲ್ಫ್‌ಗಾಂಗ್ ಪೀಟರ್ಸನ್ ನಿರ್ದೇಶಿಸಿದ 1981ರ ಜರ್ಮನ್ ಸಿನಿಮಾ. 1941ರಲ್ಲಿ ಯು-96 ಎಂಬ ಸಬ್‌ಮರೀನಿನಲ್ಲಿ ಯುದ್ಧ ವರದಿಗಾರನಾಗಿ ಹೋಗಿಬಂದ ಲೋಥರ್-ಗ್ಯುಂಥರ್ ಬುಖೈಮ್ ಬರೆದ ಕಾದಂಬರಿ ಇದರ ಮೂಲ. ಶುರುವಿನಲ್ಲೇ ಪರದೆಯ ಮೇಲೆ ಬರುತ್ತದೆ: ಜರ್ಮನ್ ಸಬ್‌ಮರೀನುಗಳಲ್ಲಿ ಹೋದವರು 40,000, ಮರಳದವರು 30,000.

ಇಲ್ಲಿ ಬಹುಪಾಲು ಹೊತ್ತು ಏನೂ ನಡೆಯುವುದಿಲ್ಲ, ಅದೇ ಇದರ ಗಟ್ಟಿತನ. ಗಡ್ಡ ಬೆಳೆಯುತ್ತದೆ. ಬ್ರೆಡ್ಡಿಗೆ ಬೂಷ್ಟು ಹಿಡಿಯುತ್ತದೆ. ಒಂದೇ ಹಾಸಿಗೆಯಲ್ಲಿ ಪಾಳಿ ಪ್ರಕಾರ ಇಬ್ಬರು ಮಲಗುತ್ತಾರೆ. ವಾರಗಟ್ಟಲೆ ಶತ್ರುವಿನ ಸುಳಿವಿಲ್ಲ. ಸಿಕ್ಕಾಗ ಓಟ, ಆಮೇಲೆ ಆಳಕ್ಕೆ ಇಳಿದು ಉಸಿರು ಬಿಗಿಹಿಡಿದು ಕೂರುವುದು. ಮೇಲೆ ಬ್ರಿಟಿಷ್ ಹಡಗಿನ ಸೋನಾರ್, ಸದ್ದು ಕಳಿಸಿ ನೀರಿನಡಿ ಇರುವುದನ್ನು ಹುಡುಕುವ ಯಂತ್ರ, ‘ಪಿಂಗ್’ ಎನ್ನುತ್ತದೆ. ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ನೋಡಲು ಅಲ್ಲಿ ಉಕ್ಕಿನ ತಗಡು ಬಿಟ್ಟರೆ ಏನೂ ಇಲ್ಲ. ಮೇಲಿನಿಂದ ನೀರಿಗೆ ಬಿಡುವ ಬಾಂಬು, ಡೆಪ್ತ್ ಚಾರ್ಜ್, ಎಲ್ಲಿ ಸಿಡಿಯುತ್ತದೆ ಎಂದು ಕಿವಿಯಿಂದಲೇ ಅಂದಾಜು ಮಾಡಬೇಕು. ಶತ್ರು ಕಾಣಿಸುವುದು ಬಲು ಕಡಿಮೆ.

ತಯಾರಿಯಲ್ಲೂ ಇದೇ ಹಟ. ಮ್ಯೂನಿಕ್‌ನ ಸ್ಟುಡಿಯೋದಲ್ಲಿ ಸಬ್‌ಮರೀನಿನ ಒಳಭಾಗವನ್ನು ನಿಜವಾದ ಅಳತೆಯಲ್ಲೇ ಕಟ್ಟಿ, ಅಲುಗಾಡುವ ಯಂತ್ರದ ಮೇಲೆ ಕೂರಿಸಿದರು. ಛಾಯಾಗ್ರಾಹಕ ಯೋಸ್ಟ್ ವಕಾನೊ ಅದುರದ ಹಾಗೆ ಗೈರೋ ಜೋಡಿಸಿದ ಸಣ್ಣ ಕ್ಯಾಮೆರಾ ಹಿಡಿದು, ಆ ಇಕ್ಕಟ್ಟಿನಲ್ಲಿ ನಟರ ಹಿಂದೆಯೇ ಓಡಿದರು. ನಟರು ಬಿಸಿಲಿಗೆ ಹೋಗುವ ಹಾಗಿರಲಿಲ್ಲ, ಮುಖ ಬಿಳಿಚಿಕೊಳ್ಳಬೇಕಿತ್ತು. ಇಷ್ಟಾದರೂ ಕಾದಂಬರಿ ಬರೆದ ಬುಖೈಮ್‌ಗೆ ಸಿನಿಮಾ ಹಿಡಿಸಲಿಲ್ಲ. ಅಲ್ಲಿದ್ದು ಬಂದವರಿಗೆ ಪರದೆ ಮೇಲಿನದು ಪೂರ್ತಿ ಒಪ್ಪಿಗೆಯಾಗುವುದು ಕಷ್ಟ.

ಒಂದು ತಕರಾರು ಇದೆ. ಇಲ್ಲಿರುವವರು ಹಿಟ್ಲರನ ನೌಕಾಪಡೆಯವರು. ಕಪ್ತಾನ ಹಿಟ್ಲರನ ಬಗ್ಗೆ ಲೇವಡಿ ಮಾಡುತ್ತಾನೆ, ಹುಡುಗರು ಇಂಗ್ಲಿಷ್ ಹಾಡು ಹಾಡುತ್ತಾರೆ. ಪ್ರೇಕ್ಷಕರಿಗೆ ಅವರು ಬೇಗ ಹತ್ತಿರವಾಗಲಿ ಅನ್ನುವ ಜಾಣತನ ಇದು. ಆದರೆ ತಾವೇ ಹೊಡೆದ ಹಡಗು ಹೊತ್ತಿ ಉರಿಯುವಾಗ ಅದರಿಂದ ಜನ ನೀರಿಗೆ ಹಾರುವುದನ್ನು, ಇವರು ಯಾರನ್ನೂ ಎತ್ತಿಕೊಳ್ಳದೆ ಹಿಂದೆ ಸರಿಯುವುದನ್ನು ಸಿನಿಮಾ ಮುಚ್ಚಿಡುವುದಿಲ್ಲ.

ಡನ್‌ಕರ್ಕ್, 1917, ಆಲ್ ಕ್ವೈಟ್

ಇತ್ತೀಚಿನ ಮೂರು ದೊಡ್ಡ ಸಿನಿಮಾಗಳ ನಡುವೆ ಆಯ್ಕೆ ಸುಲಭ, ಹಾಗಾಗಿ ಬೇಗ ಮುಗಿಸುತ್ತೇನೆ.

ಕ್ರಿಸ್ಟೋಫರ್ ನೋಲನ್ ಅವರ ‘ಡನ್‌ಕರ್ಕ್’ (2017) 1 ಗಂಟೆ 46 ನಿಮಿಷ. 1940ರಲ್ಲಿ ಫ್ರಾನ್ಸಿನ ಡನ್‌ಕರ್ಕ್ ದಂಡೆಯಲ್ಲಿ ಜರ್ಮನ್ನರ ನಡುವೆ ಸಿಕ್ಕಿಬಿದ್ದ ಸೈನಿಕರನ್ನು ಸಮುದ್ರದ ಮೂಲಕ ಪಾರುಮಾಡಿದ ಕಥೆ. ದಂಡೆಯ ಒಂದು ವಾರ, ಸಮುದ್ರದ ಒಂದು ದಿನ, ಆಕಾಶದ ಒಂದು ಗಂಟೆ, ಮೂರನ್ನೂ ಹೆಣೆದಿದ್ದಾರೆ. ರಕ್ತ ಅಷ್ಟಾಗಿ ಇಲ್ಲ. ಜರ್ಮನ್ ಸೈನಿಕರ ಮುಖ ಕಾಣುವುದೇ ಇಲ್ಲ ಅನ್ನಬಹುದು. ಆದರೂ ಭಯ ಇದೆ, ಏಕೆಂದರೆ ದಂಡೆಯಲ್ಲಿ ನಿಂತ ಹುಡುಗನಿಗೆ ಗೊತ್ತಿರುವಷ್ಟೇ ನಮಗೂ ಗೊತ್ತು. ನಿಜವಾದ ಸ್ಪಿಟ್‌ಫೈರ್ ವಿಮಾನಗಳು, 1940ರಲ್ಲೇ ಅಲ್ಲಿಗೆ ಹೋಗಿದ್ದ ಕೆಲವು ಸಣ್ಣ ದೋಣಿಗಳು ಇದರಲ್ಲಿವೆ. ಇಲ್ಲದಿರುವುದು ನಮ್ಮವರು. ಬ್ರಿಟಿಷ್ ಭಾರತದ ಸೇನೆಯ ಹೇಸರಗತ್ತೆ ತುಕಡಿಗಳು ಆಗ ಫ್ರಾನ್ಸಿನಲ್ಲಿದ್ದವು, ಡನ್‌ಕರ್ಕ್ ಮೂಲಕ ಪಾರಾದ ಭಾರತೀಯರೂ ಇದ್ದಾರೆ. ಮೂರು ಲಕ್ಷಕ್ಕೂ ಮೀರಿದ ಜನರಲ್ಲಿ ಅವರು ಸಣ್ಣ ಗುಂಪು ನಿಜ. ಆದರೂ ದಂಡೆಯ ಒಂದು ಮೂಲೆಯಲ್ಲಿ ಒಂದು ಪೇಟ ಕಾಣಿಸಿದ್ದರೆ ನಷ್ಟವೇನಿತ್ತು?

ಸ್ಯಾಮ್ ಮೆಂಡಿಸ್‌ರ ‘1917’ (2019) ಮೊದಲ ಮಹಾಯುದ್ಧದ ಕಥೆ, ಇಡೀ ಸಿನಿಮಾ ಕತ್ತರಿಯೇ ಬೀಳದ ಒಂದೇ ಓಟ ಎನ್ನುವಂತೆ ಕಾಣುತ್ತದೆ. ಇದಕ್ಕಾಗಿ ಸಾವಿರಾರು ಅಡಿ ಕಂದಕ ತೋಡಿದ್ದರು. ಕಂದಕದ ಕೆಸರು, ಇಲಿ, ತಂತಿಯಲ್ಲಿ ಸಿಕ್ಕಿಬಿದ್ದ ಹೆಣ, ಕುದುರೆ, ಎಲ್ಲ ಪಕ್ಕಾ. ಆದರೆ ಕ್ಯಾಮೆರಾ ಎಷ್ಟು ಚೆಂದ ತೇಲುತ್ತದೆ ಎಂದರೆ ನಾನು ಸೈನಿಕನನ್ನು ಬಿಟ್ಟು ಕ್ಯಾಮೆರಾವನ್ನೇ ನೋಡುತ್ತಿದ್ದೆ. ಇಲ್ಲಿ ಒಬ್ಬ ಸಿಖ್ ಸೈನಿಕ ಲಾರಿಯಲ್ಲಿ ಬ್ರಿಟಿಷರ ನಡುವೆ ಕೂತಿರುತ್ತಾನೆ. ಭಾರತದ ಪದಾತಿ ದಳಗಳ ಬಹುಪಾಲು 1915ರ ಕೊನೆಗೇ ಫ್ರಾನ್ಸ್ ಬಿಟ್ಟಿತ್ತು, ಅಶ್ವದಳ ಮಾತ್ರ ಉಳಿದಿತ್ತು. ಒಬ್ಬನೇ ಸಿಪಾಯಿ ಹಾಗೆ ಬ್ರಿಟಿಷ್ ತುಕಡಿಯಲ್ಲಿ ಸೇರಿಕೊಂಡಿರುವುದು ಅನುಮಾನವೇ. ಡನ್‌ಕರ್ಕ್ ಮರೆತದ್ದನ್ನು ಇವರು ಸ್ವಲ್ಪ ಅಡ್ಡದಾರಿಯಲ್ಲಿ ನೆನೆದಿದ್ದಾರೆ ಅನ್ನಿ.

‘ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್’ ಎರಡು ಇವೆ ನೆನಪಿಡಿ, ಟಿವಿಗಾಗಿ ಮಾಡಿದ ಇನ್ನೊಂದು ಬೇರೆ. 1930ರ ಲೂಯಿಸ್ ಮೈಲ್‌ಸ್ಟೋನ್ ಸಿನಿಮಾ, 2022ರ ಜರ್ಮನ್ ಸಿನಿಮಾ. ನೋಡಲು, ಕೇಳಲು ಹೊಸದು ಎಷ್ಟೋ ಮೇಲು, ಆಸ್ಕರ್ ನಾಲ್ಕು ಬಂದವು. ಆದರೆ ಎರಡಕ್ಕೂ ಮೂಲವಾದ ರೆಮಾರ್ಕ್ ಕಾದಂಬರಿಯಲ್ಲಿ ಕಥಾನಾಯಕ, ಜರ್ಮನ್ ಸೈನಿಕ ಪೌಲ್ ಸಾಯುವುದು 1918ರ ಅಕ್ಟೋಬರ್‌ನಲ್ಲಿ, ವರದಿ ಮಾಡಲು ಏನೂ ಇಲ್ಲದಂಥ ಸುಮ್ಮನಾದ ಒಂದು ದಿನ. ಹಳೇ ಸಿನಿಮಾದಲ್ಲಿ ಒಂದು ಚಿಟ್ಟೆಗೆ ಕೈ ಚಾಚಿ ಸಾಯುತ್ತಾನೆ. ಹೊಸದರಲ್ಲಿ ಅವನನ್ನು ನವೆಂಬರ್ 11ರಂದು, ಯುದ್ಧ ನಿಲ್ಲುವ ಹೊತ್ತಿಗೆ ಕೆಲವೇ ಕ್ಷಣ ಇರುವಾಗ, ದೊಡ್ಡ ದಾಳಿಯೊಂದರಲ್ಲಿ ಸಾಯಿಸಿದ್ದಾರೆ. ಆ ಕೊನೆಯ ಬೆಳಗ್ಗೆ ಸತ್ತವರು ನಿಜಕ್ಕೂ ಇದ್ದರು. ಆದರೂ ಲೆಕ್ಕಕ್ಕೇ ಬಾರದ ಸಾವು ಎನ್ನುವ ಆ ತಣ್ಣನೆಯ ಪೆಟ್ಟು ನಾಟಕದ ಅಬ್ಬರದಲ್ಲಿ ಹೋಗಿಬಿಟ್ಟಿತು. ನನ್ನ ಓಟು ಹಳೆಯದಕ್ಕೆ.

ಅಸಲಿ ತುಣುಕೇ ಬೇಕು ಎನ್ನುವವರಿಗೆ

‘ಕಥೆ ಬೇಡ, ಯುದ್ಧಭೂಮಿಯಲ್ಲೇ ತೆಗೆದದ್ದು ತೋರಿಸಿ’ ಎನ್ನುವವರಿಗೂ ಒಂದು ಮಾತು. 1916ರಲ್ಲೇ ಬ್ರಿಟನ್ನಿನಲ್ಲಿ ‘ದ ಬ್ಯಾಟಲ್ ಆಫ್ ದ ಸೋಮ್’ ಬಂತು, ಯುದ್ಧ ನಡೆಯುತ್ತಿರುವಾಗಲೇ ತೆಗೆದ ಸಾಕ್ಷ್ಯಚಿತ್ರ. ಜನ ಮುಗಿಬಿದ್ದು ನೋಡಿದರು. ಅದರಲ್ಲಿ ಎಲ್ಲರಿಗೂ ನೆನಪಿರುವುದು ಸೈನಿಕರು ಕಂದಕ ಹತ್ತಿ ಹೊರಗೆ ನುಗ್ಗುವ ತುಣುಕು. ಆ ತುಣುಕು ಮಾತ್ರ ಯುದ್ಧಭೂಮಿಯ ಹಿಂದೆ ನಟಿಸಿ ತೆಗೆದದ್ದು! ಉಳಿದ ಬಹುಪಾಲು ಅಸಲಿ.

ಪೀಟರ್ ಜಾಕ್ಸನ್‌ರ ‘ದೇ ಶಲ್ ನಾಟ್ ಗ್ರೋ ಓಲ್ಡ್’ (2018) ಅದೇ ಕಾಲದ ತುಣುಕುಗಳಿಗೆ ಬಣ್ಣ ಹಾಕಿ, ವೇಗ ಸರಿಪಡಿಸಿ ಮಾಡಿದ್ದು. ಕೈಯಲ್ಲಿ ತಿರುಗಿಸುತ್ತಿದ್ದ ಕ್ಯಾಮೆರಾಗಳಿಂದಾಗಿ ಹಳೇ ತುಣುಕಿನಲ್ಲಿ ಎಲ್ಲರೂ ಚಾಪ್ಲಿನ್ ಹಾಗೆ ಓಡಾಡುತ್ತಾರಲ್ಲ, ಅದು ಇಲ್ಲಿಲ್ಲ. ತುಟಿ ನೋಡಿ ಮಾತು ಗುರುತಿಸುವವರನ್ನು ಕರೆಸಿ, ಸೈನಿಕರು ಆಡಿದ ಮಾತು ಕಂಡುಹಿಡಿದು ಬೇರೆಯವರಿಂದ ಹೇಳಿಸಿದ್ದಾರೆ. ಬಣ್ಣ ಕೃತಕ, ಸದ್ದು ಕೃತಕ. ಆದರೂ ಹುಳುಕುಹಲ್ಲಿನ ಹುಡುಗನೊಬ್ಬ ಕ್ಯಾಮೆರಾ ಕಡೆ ನಕ್ಕಾಗ ನೂರು ವರ್ಷ ಕರಗಿಹೋಗುತ್ತದೆ.

ಇದಕ್ಕೆ ತದ್ವಿರುದ್ಧ ‘ದ ಬ್ಯಾಟಲ್ ಆಫ್ ಅಲ್ಜೀರ್ಸ್’ (1966). ಗಿಲ್ಲೊ ಪೊಂಟೆಕೊರ್ವೊ ಇದನ್ನು ಕಪ್ಪುಬಿಳುಪಿನಲ್ಲಿ, ಸುದ್ದಿಚಿತ್ರದ ಹಾಗೆ ಒರಟಾಗಿ ತೆಗೆದರು. ನೋಡಿದವರು ಎಷ್ಟು ನಂಬಿದರೆಂದರೆ, ಇದರಲ್ಲಿ ಒಂದು ಅಡಿಯೂ ಸುದ್ದಿಚಿತ್ರದ ತುಣುಕಿಲ್ಲ ಎಂದು ಅಮೆರಿಕದಲ್ಲಿ ಶುರುವಿಗೇ ಬರಹ ಹಾಕಬೇಕಾಯಿತು. ಫ್ರೆಂಚ್ ಆಳ್ವಿಕೆಯ ವಿರುದ್ಧ ಅಲ್ಜೀರಿಯ ನಡೆಸಿದ ಹೋರಾಟದ ಮುಖಂಡರಲ್ಲಿ ಒಬ್ಬರಾದ ಸಾದಿ ಯಾಸೆಫ್ ನಿರ್ಮಾಣದಲ್ಲೂ ಇದ್ದಾರೆ, ತಮ್ಮದೇ ಬದುಕನ್ನು ಹೋಲುವ ಪಾತ್ರವನ್ನೂ ಮಾಡಿದ್ದಾರೆ. ಫ್ರೆಂಚ್ ಕರ್ನಲ್ ಪಾತ್ರದ ಜ್ಯಾಂ ಮಾರ್ತ್ಯಾಂ ಬಿಟ್ಟರೆ ಹೆಚ್ಚುಕಡಿಮೆ ಯಾರೂ ವೃತ್ತಿ ನಟರಲ್ಲ.

ಇಲ್ಲಿ ನನ್ನ ‘ಗೊತ್ತಿಲ್ಲದ ಸ್ಥಿತಿ’ಯ ಲೆಕ್ಕ ತಲೆಕೆಳಗಾಗುತ್ತದೆ. ಮೂವರು ಹೆಂಗಸರು ಬುಟ್ಟಿ ಚೀಲಗಳಲ್ಲಿ ಬಾಂಬ್ ಇಟ್ಟುಕೊಂಡು ಕೆಫೆಯಂಥ, ಫ್ರೆಂಚರು ಸೇರುವ ಜಾಗಗಳಿಗೆ ಹೋಗುತ್ತಾರೆ. ಬಾಂಬ್ ಇದೆ ಎಂದು ನಮಗೆ ಗೊತ್ತು. ಕ್ಯಾಮೆರಾ ಅಲ್ಲಿ ಕೂತವರ ಮುಖಗಳನ್ನು ಒಂದೊಂದಾಗಿ ತೋರಿಸುತ್ತದೆ, ಐಸ್‌ಕ್ರೀಮ್ ತಿನ್ನುತ್ತಿರುವ ಮಗುವನ್ನೂ ಬಿಡುವುದಿಲ್ಲ. ಸಿನಿಮಾದ ಒಲವು ಅಲ್ಜೀರಿಯನ್ನರ ಕಡೆ, ಅದರಲ್ಲಿ ಮುಚ್ಚುಮರೆ ಇಲ್ಲ. ಹಾಗಿದ್ದೂ ಆ ಮಗುವನ್ನು ತೋರಿಸಿದ್ದಾರೆ. ಫ್ರಾನ್ಸ್ ಇದನ್ನು ವರ್ಷಗಳ ಕಾಲ ತಡೆಹಿಡಿಯಿತು. 2003ರಲ್ಲಿ ಇರಾಕ್ ಯುದ್ಧದ ಸಮಯದಲ್ಲಿ ಪೆಂಟಗನ್, ಅಂದರೆ ಅಮೆರಿಕದ ರಕ್ಷಣಾ ಇಲಾಖೆ, ತನ್ನ ಅಧಿಕಾರಿಗಳಿಗೆ ಇದನ್ನೇ ಹಾಕಿ ತೋರಿಸಿತು. ಬೀದಿ ಬೀದಿಯಲ್ಲಿ ನಡೆಯುವ ಯುದ್ಧ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಬೇರೆ ಸಿನಿಮಾ ಹುಡುಕಬೇಡಿ.

ಟ್ಯಾಂಕ್ ಕೊಟ್ಟವರು ಯಾರು?

ಯಾವ ಯುದ್ಧ ಸಿನಿಮಾ ನೋಡುವ ಮುಂಚೆಯೂ ನಾನು ಒಂದು ವಿಷಯ ಗಮನಿಸುತ್ತೇನೆ: ಸೇನೆಯ ಸಹಾಯ ಇತ್ತಾ ಇಲ್ಲವಾ. ಅಸಲಿ ಟ್ಯಾಂಕ್, ಹಡಗು, ಹೆಲಿಕಾಪ್ಟರ್ ಬೇಕೆಂದರೆ ಸೇನೆಯನ್ನೇ ಕೇಳಬೇಕು. ಕೊಡುವವರು ಸ್ಕ್ರಿಪ್ಟ್ ಓದುತ್ತಾರೆ. ‘ಟಾಪ್ ಗನ್’ಗೆ ಅಮೆರಿಕದ ನೌಕಾಪಡೆ ವಿಮಾನ, ಹಡಗು ಎಲ್ಲ ಕೊಟ್ಟಿತು. ವಿಯೆಟ್ನಾಂನಲ್ಲಿ ಸ್ವತಃ ಹೋರಾಡಿದ್ದ ಆಲಿವರ್ ಸ್ಟೋನ್ ಮಾಡಿದ ‘ಪ್ಲಟೂನ್’ಗೆ ಪೆಂಟಗನ್ ಸಹಾಯ ಸಿಗಲಿಲ್ಲ. ‘ಅಪಾಕಲಿಪ್ಸ್ ನೌ’ಗೂ ಸಿಗಲಿಲ್ಲ. ಅವರು ಫಿಲಿಪೀನ್ಸ್ ಸೇನೆಯ ಹೆಲಿಕಾಪ್ಟರ್ ಬಾಡಿಗೆಗೆ ತಂದರೆ, ಶೂಟಿಂಗ್ ಮಧ್ಯೆಯೇ ಅವುಗಳನ್ನು ದಂಗೆಕೋರರ ಮೇಲಿನ ನಿಜವಾದ ಕಾಳಗಕ್ಕೆ ವಾಪಸ್ ಕರೆಸಿಕೊಳ್ಳುತ್ತಿದ್ದರು. ಯಂತ್ರಗಳು ಅಸಲಿ ಆದಷ್ಟೂ ಮಾತುಗಳು ಅಳೆದು ತೂಗಿ ಬಂದಿರುವ ಸಾಧ್ಯತೆ ಜಾಸ್ತಿ.

ನಮ್ಮಲ್ಲೂ ಇದೇ. 2020ರಲ್ಲಿ ರಕ್ಷಣಾ ಸಚಿವಾಲಯ ಸೇನೆಯ ಕಥೆ ಇರುವ ಸಿನಿಮಾ, ವೆಬ್ ಸರಣಿಗಳಿಗೆ ತನ್ನ ಆಕ್ಷೇಪಣೆ ಇಲ್ಲವೆಂಬ ಪತ್ರ ಪಡೆಯುವಂತೆ ಸೂಚಿಸಿ ಸೆನ್ಸಾರ್ ಮಂಡಳಿಗೆ ಬರೆದಿತ್ತು.

ನಮ್ಮ ಸಿನಿಮಾಗಳು

ಜೆ.ಪಿ. ದತ್ತಾ ಅವರ ‘ಬಾರ್ಡರ್’ (1997) ಬಗ್ಗೆ ಜಗಳ ಇದ್ದದ್ದೇ. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೇವಾಲಾದಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ 120ರ ಆಸುಪಾಸಿನ ಜನ, ನಲವತ್ತರ ಹತ್ತಿರ ಟ್ಯಾಂಕುಗಳ ಜೊತೆ ಬಂದ ಪಾಕಿಸ್ತಾನಿ ಪಡೆಯನ್ನು ತಡೆದರು. ಸಿನಿಮಾದಲ್ಲಿ ನಮ್ಮವರು ಸಾಲುಸಾಲಾಗಿ ಸಾಯುತ್ತಾರೆ. ನಿಜದಲ್ಲಿ ಪ್ರಾಣ ಕಳೆದುಕೊಂಡವರು ಇಬ್ಬರು. ಸಾವು ಜಾಸ್ತಿ ತೋರಿಸಿದರೆ ಶೌರ್ಯ ಜಾಸ್ತಿ ಕಾಣುತ್ತದೆ ಎಂಬ ಲೆಕ್ಕ. ಅಷ್ಟು ಕಡಿಮೆ ಜನ ಸತ್ತು ಅಷ್ಟು ದೊಡ್ಡ ಪಡೆಯನ್ನು ರಾತ್ರಿಯಿಡೀ ತಡೆದದ್ದೇ ದೊಡ್ಡ ಸಾಹಸ, ಅದನ್ನು ಹಾಗೇ ಹೇಳು ಅಂದರೆ ಕೇಳುವವರಿಲ್ಲ.

ಆದರೆ ‘ಬಾರ್ಡರ್’ ಒಂದು ಸಂಗತಿಯನ್ನು ಸರಿಯಾಗಿ ಹಿಡಿದಿದೆ. ಜೈಸಲ್ಮೇರ್‌ನಲ್ಲಿದ್ದ ನಮ್ಮ ವಾಯುಪಡೆಯ ಹಂಟರ್ ವಿಮಾನಗಳು ರಾತ್ರಿ ಹಾರಿ ದಾಳಿ ಮಾಡುವಂತಿರಲಿಲ್ಲ. ಬೆಳಕು ಹರಿಯುವ ತನಕ ಕೆಳಗಿದ್ದವರು ತಾವೇ ತಡೆದು ನಿಲ್ಲಬೇಕಿತ್ತು. ಆ ಕಾಯುವಿಕೆ ಸಿನಿಮಾದಲ್ಲಿದೆ. ಊರಿನ ಪತ್ರಕ್ಕಾಗಿ ಕಾಯುವ ಆ ಉದ್ದನೆಯ ಹಾಡಿನಲ್ಲೂ ಇದೆ. ಸನ್ನಿ ದೇವಲ್ ಗರ್ಜನೆಗಿಂತ ಆ ಹಾಡೇ ಸೈನಿಕನ ಬದುಕಿಗೆ ಹತ್ತಿರ.

ಚೇತನ್ ಆನಂದ್ ಅವರ ‘ಹಕೀಕತ್’ (1964) ಅದಕ್ಕೂ ಮುಂಚಿನದು. 1962ರಲ್ಲಿ ಚೀನಾ ಎದುರು ಸೋತ ಯುದ್ಧದ ಕಥೆ, ಲಡಾಖ್‌ನಲ್ಲೇ ಚಿತ್ರೀಕರಣ. ಸೋಲಿನ ಬಗ್ಗೆ ಎರಡೇ ವರ್ಷದಲ್ಲಿ ಸಿನಿಮಾ ಮಾಡಲು ಎದೆಗಾರಿಕೆ ಬೇಕು. ಪ್ರೇಮಕಥೆ ಈಗ ಎಳೆದ ಹಾಗೆ ಅನಿಸಬಹುದು, ಹಿಮದಲ್ಲಿ ಹಿಂದೆ ಸರಿಯುವ ದಣಿದ ಸೈನಿಕರು ಮಾತ್ರ ಇವತ್ತಿಗೂ ನಂಬುವ ಹಾಗಿದ್ದಾರೆ. ಕಾರ್ಗಿಲ್‌ನ ಕ್ಯಾಪ್ಟನ್ ವಿಕ್ರಮ್ ಬಾತ್ರಾ ಅವರ ‘ಶೇರ್‌ಶಾ’ (2021) ಗುಡ್ಡ ಹತ್ತುವ ಕಾಳಗಕ್ಕಾಗಿ ನೋಡಬಹುದು. ನಿರ್ದೇಶಕರ ಹೆಸರು ವಿಷ್ಣುವರ್ಧನ್ ಎಂದು ನೋಡಿ ಖುಷಿಪಡಬೇಡಿ, ಅವರು ಬೇರೆ.

ನಮ್ಮ ವಿಷ್ಣುವರ್ಧನ್ ಇರುವುದು ‘ಮುತ್ತಿನ ಹಾರ’ದಲ್ಲಿ (1990). ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಹಂಸಲೇಖ ಸಂಗೀತ. ಕೊಡಗಿನ ಸೈನಿಕ, ಅವನ ಹೆಂಡತಿಯಾಗುವ ನರ್ಸ್ ಪಾತ್ರದಲ್ಲಿ ಸುಹಾಸಿನಿ. ಕನ್ನಡದ ಅತ್ಯುತ್ತಮ ಚಿತ್ರ ಎಂದು ರಾಷ್ಟ್ರಪ್ರಶಸ್ತಿಯೂ ಬಂತು. ಇದರ ಸ್ಫೋಟಗಳನ್ನು ಸ್ಪೀಲ್‌ಬರ್ಗ್ ಪಕ್ಕ ಇಟ್ಟು ನೋಡಿದರೆ ಅನ್ಯಾಯ. ಯುದ್ಧ ಮುಗಿಯಿತು ಅಂದುಕೊಂಡಾಗ ಇನ್ನೊಂದು ಕರೆ ಬರುವುದು, ಮನೆಯಲ್ಲಿ ಉಳಿದವರು ಅದರ ಬೆಲೆ ತೆರುವುದು, ಇದನ್ನು ಇಷ್ಟು ದೂರ ಹಿಂಬಾಲಿಸಿದ ಇನ್ನೊಂದು ಕನ್ನಡ ಸಿನಿಮಾ ನನಗೆ ನೆನಪಾಗುತ್ತಿಲ್ಲ. ಸೈನ್ಯಕ್ಕೆ ಮಕ್ಕಳನ್ನು ಕಳಿಸಿದ ಕೊಡಗಿನ ಮನೆಗಳಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ನಾಟಕೀಯತೆ ಜಾಸ್ತಿ, ಒಪ್ಪುತ್ತೇನೆ. ಅಪ್ಪ ಅಮ್ಮನ ಜೊತೆ ಕೂತು ನೋಡುವುದಾದರೆ ಈ ಪಟ್ಟಿಯಲ್ಲಿ ಇದೇ ಮೊದಲು.

ಹಾಗಾದರೆ ಯಾವುದು?

ಸದ್ದು, ದೊಡ್ಡ ಪರದೆ, ಒಂದೂಮುಕ್ಕಾಲು ಗಂಟೆ ಇದ್ದರೆ ‘ಡನ್‌ಕರ್ಕ್’. ಫೋನಿನಲ್ಲಿ ನೋಡುವುದಾದರೆ ಅದು ದಂಡ. ಬಂದೂಕು, ಟ್ಯಾಂಕುಗಳ ಬಗ್ಗೆಯೇ ಆಸಕ್ತಿ ಇದ್ದವರಿಗೆ ‘ರಯಾನ್’. ರಾಜಕೀಯ ಚರ್ಚೆ ಮಾಡುವ ಗೆಳೆಯರ ಗುಂಪಿಗೆ ‘ಅಲ್ಜೀರ್ಸ್’, ಆಮೇಲೆ ರಾತ್ರಿಯಿಡೀ ಜಗಳ ಗ್ಯಾರಂಟಿ.

ಗುಂಡಿನ ಸದ್ದೇ ಬೇಡ ಎನ್ನುವವರಿಗೆ ಜಪಾನಿನ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ (1988) ಇದೆ. ಚಿತ್ರ ಬಿಡಿಸಿ ಮಾಡಿದ ಅನಿಮೇಶನ್, ಒಂದೂವರೆ ಗಂಟೆ. ನಿರ್ದೇಶಕ ಇಸಾವೊ ತಕಾಹಟಾ ಬಾಲ್ಯದಲ್ಲಿ ಒಕಾಯಾಮಾದ ಬಾಂಬ್ ದಾಳಿಯಿಂದ ಬದುಕುಳಿದವರು. ಕೋಬೆ ನಗರ ಸುಟ್ಟ ಮೇಲೆ ಅಣ್ಣ ತಂಗಿ ಇಬ್ಬರೇ ಉಳಿಯುತ್ತಾರೆ, ನಿಧಾನವಾಗಿ ಹಸಿವು ಅವರನ್ನು ತಿನ್ನುತ್ತದೆ. ಅಣ್ಣ ಸಾಯುತ್ತಾನೆ ಎಂದು ಮೊದಲ ದೃಶ್ಯದಲ್ಲೇ ಹೇಳಿಬಿಡುತ್ತಾರೆ. ಕಾರ್ಟೂನ್ ಎಂದುಕೊಂಡು ಸಣ್ಣ ಮಕ್ಕಳಿಗೆ ಹಾಕಿಕೊಟ್ಟು ಅಡುಗೆಮನೆಗೆ ಹೋಗಬೇಡಿ.

‘ದಾಸ್ ಬೂಟ್’ ಆರಿಸಿದರೆ ಆವೃತ್ತಿ ನೋಡಿಕೊಳ್ಳಿ. ಚಿತ್ರಮಂದಿರಕ್ಕೆ ಬಂದದ್ದು ಎರಡೂವರೆ ಗಂಟೆ, 1997ರ ನಿರ್ದೇಶಕರ ಆವೃತ್ತಿ ಮೂರೂವರೆ ಗಂಟೆ, ಟಿವಿಗೆ ಕಂತುಗಳಾಗಿ ಬಂದದ್ದು ಅದಕ್ಕಿಂತಲೂ ಉದ್ದ. ನಾನು ಹೇಳುವುದು ಮೂರೂವರೆ ಗಂಟೆಯದು. ಜರ್ಮನ್ ಮಾತೇ ಇರಲಿ, ಸಬ್‌ಟೈಟಲ್ ಹಾಕಿಕೊಳ್ಳಿ, ಡಬ್ಬಿಂಗ್ ಬೇಡ. ಮಧ್ಯೆ ಒಂದು ಗಂಟೆ ಏನೂ ಆಗುತ್ತಿಲ್ಲ ಅನಿಸಿದಾಗ ಫೋನ್ ತೆಗೆಯಬೇಡಿ, ಅವರ ಕೈಯಲ್ಲೂ ಏನೂ ಇರಲಿಲ್ಲ.